ಮರಳಲ್ಲಿ ಸಿಕ್ಕ ಹುಳು ಹೊಸದೋ ಹಳೆಯದೋ?

ಮಲೆನಾಡಿನ ತೋಟದವರಿಗೆ ಜಂತುಹುಳು (ನೆಮಟೋಡ್) ಅಂದ ಕೂಡಲೇ ನೆನಪಾಗುವುದು ಸೊರಗಿದ ಮೆಣಸಿನ ಬಳ್ಳಿ. ಎಲೆ ಹಳದಿಯಾಗುತ್ತದೆ, ಗಿಣ್ಣು ಗಿಣ್ಣಾಗಿ ಉದುರುತ್ತದೆ, ನೋಡನೋಡುತ್ತಾ ಬಳ್ಳಿಯೇ ಹೋಗಿಬಿಡುತ್ತದೆ. ಕಿತ್ತು ನೋಡಿದರೆ ಬೇರೆಲ್ಲ ಗಂಟು. ಬಾಳೆ, ಅಡಿಕೆ, ಮೆಣಸು ಮೂರರ ಬೇರನ್ನೂ ಕೊರೆಯುವ ಜಂತುಹುಳು ಇನ್ನೊಂದಿದೆ. ಹಾಗಾಗಿ 'ತೋಟಕ್ಕೆ ಜಂತುಹುಳು ಬಿಡಿ' ಅಂತ ಯಾರಾದರೂ ಹೇಳಿದರೆ ನಮ್ಮವರು ಹೌಹಾರುವುದು ಸಹಜ.

ಆದರೆ ಗಿಡದ ಗೊಡವೆಗೇ ಹೋಗದ ಬೇರೊಂದು ಬಗೆಯ ಜಂತುಹುಳುಗಳು ಮಣ್ಣಲ್ಲಿವೆ. ಅವಕ್ಕೆ ಬೇಕಾದ್ದು ಕೀಟ. ಅಡಿಕೆ ಬುಡದಲ್ಲಿ ಬೇರು ತಿನ್ನುತ್ತಾ ಕೂತ ಗೊಣ್ಣೆ ಹುಳುವಿನ ಮೈಯೊಳಗೆ ನುಗ್ಗಿ ಅದನ್ನು ಕೊಲ್ಲುತ್ತವೆ. ಕೃಷಿ ಅಧಿಕಾರಿಗಳ ಬಾಯಲ್ಲಿ ಇವಕ್ಕೆ 'ಇಪಿಎನ್' (ಎಂಟಮೊಪ್ಯಾಥೋಜೆನಿಕ್ ನೆಮಟೋಡ್) ಅಂತ ಹೆಸರು. ಇಂಥ ಹುಳುಗಳ ಹೊಸ ಪ್ರಭೇದ ಸಿಕ್ಕಿತು ಅನ್ನುವ ಸುದ್ದಿ ಆಗಾಗ ಬರುತ್ತದೆ. ಕಡಲತೀರದ ಮಣ್ಣಿನಿಂದ ಬಂದ ಸುದ್ದಿಯೂ ಅದರಲ್ಲಿ ಇರುತ್ತದೆ.

ಅರ್ಧ ಮಿಲಿಮೀಟರ್ ಉದ್ದ, ಬಣ್ಣವಿಲ್ಲ, ಕಾಲಿಲ್ಲ, ಕಣ್ಣಿಲ್ಲ. ಅಂಥ ಹುಳುವನ್ನು ನೋಡಿ 'ಇದನ್ನು ಈವರೆಗೆ ಯಾರೂ ದಾಖಲಿಸಿಲ್ಲ' ಅಂತ ಹೇಗೆ ಹೇಳುತ್ತಾರೆ? ಈ ಪ್ರಶ್ನೆ ಪ್ರಯೋಗಾಲಯದವರಿಗೆ ಮಾತ್ರ ಸೇರಿದ್ದು ಅಂತ ನನಗೆ ಅನ್ನಿಸುವುದಿಲ್ಲ. ಆ ಹೆಸರನ್ನು ನಂಬಿಕೊಂಡೇ ನಾಳೆ ಒಂದು ಪ್ಯಾಕೆಟ್ ನಮ್ಮ ತೋಟಕ್ಕೆ ಬರುತ್ತದೆ. ಎಷ್ಟು ಬಿಸಿಲು ತಡೆಯುತ್ತದೆ, ಯಾವ ಕೀಟಕ್ಕೆ ಬೀಳುತ್ತದೆ, ಎಷ್ಟು ದಿನ ಬದುಕುತ್ತದೆ ಎಂಬ ಲೆಕ್ಕವೆಲ್ಲ ಆ ಹೆಸರಿನ ಮೇಲೆ ನಿಂತಿದೆ.

ಮೊದಲು ಹುಳುವಿನ ಬದುಕು ತಿಳಿಯಬೇಕು. ಅದು ಗೊತ್ತಾಗದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಕೀಟ ಕೊಲ್ಲುವ ಈ ಹುಳುಗಳಲ್ಲಿ ಎರಡು ಕುಲ ಮುಖ್ಯ. ಒಂದು ಸ್ಟೈನರ್ನೆಮಾ, ಇನ್ನೊಂದು ಹೆಟೆರೊರಾಬ್ಡೈಟಿಸ್. ಮೊದಲನೆಯದರಲ್ಲಿ ಈಗ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಎರಡನೆಯದರಲ್ಲಿ ಇಪ್ಪತ್ತರ ಆಸುಪಾಸು. ಎರಡೂ ಬದುಕುವ ರೀತಿ ಹೆಚ್ಚುಕಮ್ಮಿ ಒಂದೇ. ಮಣ್ಣಲ್ಲಿ ಓಡಾಡುವುದು ಮೂರನೇ ಹಂತದ ಮರಿ ಮಾತ್ರ. ಅದು ಏನನ್ನೂ ತಿನ್ನುವುದಿಲ್ಲ. ಬಾಯಿ ಮುಚ್ಚಿರುತ್ತದೆ. ಹಿಂದಿನ ಹಂತದಲ್ಲಿ ಕಳಚಬೇಕಿದ್ದ ಪೊರೆಯನ್ನು ಕಳಚದೆ ಮೈಮೇಲೆ ಹೊದ್ದುಕೊಂಡಿರುತ್ತದೆ. ಮೈಯಲ್ಲಿರುವ ಕೊಬ್ಬೇ ಅದರ ಬುತ್ತಿ. ಅದು ಖಾಲಿಯಾಗುವುದರೊಳಗೆ ಒಂದು ಕೀಟ ಸಿಗಬೇಕು.

ಸಿಕ್ಕಿತು ಅಂದರೆ ಬಾಯಿ, ಗುದ ಇಲ್ಲವೇ ಉಸಿರಾಡುವ ರಂಧ್ರ, ಯಾವುದು ಸಿಗುತ್ತದೋ ಅದರಿಂದ ಒಳಗೆ ನುಗ್ಗುತ್ತದೆ. ಹೆಟೆರೊರಾಬ್ಡೈಟಿಸ್ ಮರಿಗೆ ತಲೆಯ ತುದಿಯಲ್ಲಿ ಒಂದು ಸಣ್ಣ ಹಲ್ಲಿದೆ. ಕೀಟದ ಚರ್ಮ ತೆಳುವಾಗಿರುವ ಕಡೆ ಅದರಿಂದ ಹರಿದು ಒಳಗೆ ಹೋಗಬಲ್ಲದು. ಒಳಗೆ ಹೋದ ಮೇಲೆ ನಡೆಯುವುದು ಇನ್ನೂ ವಿಚಿತ್ರ. ಮರಿ ತನ್ನ ಕರುಳಲ್ಲಿ ಹೊತ್ತು ತಂದ ಬ್ಯಾಕ್ಟೀರಿಯಾವನ್ನು ಕೀಟದ ರಕ್ತಕ್ಕೆ ಬಿಡುತ್ತದೆ. ಕೀಟವನ್ನು ಕೊಲ್ಲುವ ಕೆಲಸದಲ್ಲಿ ದೊಡ್ಡ ಪಾಲು ಈ ಬ್ಯಾಕ್ಟೀರಿಯಾದ್ದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಕೀಟ ಸಾಯುತ್ತದೆ. ಸತ್ತ ಮೈಯನ್ನು ಬ್ಯಾಕ್ಟೀರಿಯಾ ಅರಗಿಸಿ ತಾನೂ ಬೆಳೆಯುತ್ತದೆ, ಆ ಬ್ಯಾಕ್ಟೀರಿಯಾವನ್ನೂ ಕರಗಿದ ಮೈಯನ್ನೂ ಹುಳು ತಿನ್ನುತ್ತದೆ. ಬೇರೆ ಸೂಕ್ಷ್ಮಜೀವಿಗಳು ಬಂದು ಕೊಳೆಸದಂತೆ, ಇರುವೆಗಳು ಹೊತ್ತೊಯ್ಯದಂತೆ ತಡೆಯುವ ರಾಸಾಯನಿಕಗಳನ್ನೂ ಬ್ಯಾಕ್ಟೀರಿಯಾವೇ ತಯಾರಿಸುತ್ತದೆ.

ಸ್ಟೈನರ್ನೆಮಾದ ಜೊತೆಗಾರ ಬ್ಯಾಕ್ಟೀರಿಯಾ ಜೆನೊರಾಬ್ಡಸ್. ಹೆಟೆರೊರಾಬ್ಡೈಟಿಸ್‌ನದು ಫೋಟೊರಾಬ್ಡಸ್. ಈ ಎರಡನೆಯದು ಕತ್ತಲಲ್ಲಿ ಮಂದವಾಗಿ ಬೆಳಗುತ್ತದೆ. ಅದರಿಂದ ಸತ್ತ ಕೀಟ ಸಾಮಾನ್ಯವಾಗಿ ಇಟ್ಟಿಗೆ ಕೆಂಪು ಬಣ್ಣಕ್ಕೆ ತಿರುಗುತ್ತದೆ, ಕತ್ತಲ ಕೋಣೆಯಲ್ಲಿ ಕಣ್ಣು ಹೊಂದಿಸಿಕೊಂಡು ನೋಡಿದರೆ ಅದರ ಮೈ ಬೆಳಗುವುದು ಕಾಣುತ್ತದೆ. ಸ್ಟೈನರ್ನೆಮಾದಿಂದ ಸತ್ತದ್ದು ಕಂದು ಇಲ್ಲವೇ ಕಪ್ಪಾಗುತ್ತದೆ. ಯಾವ ಕುಲ ಅನ್ನುವ ಮೊದಲ ಸುಳಿವು ಹುಳು ಕಣ್ಣಿಗೆ ಬೀಳುವ ಮೊದಲೇ ಹೆಣದ ಬಣ್ಣದಲ್ಲಿ ಸಿಕ್ಕಿಬಿಡುತ್ತದೆ.

ಇನ್ನೊಂದು ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ಹೆಟೆರೊರಾಬ್ಡೈಟಿಸ್‌ನಲ್ಲಿ ಕೀಟದೊಳಗೆ ಮೊದಲು ಬೆಳೆಯುವ ಪೀಳಿಗೆ ಪೂರ್ತಿ ಉಭಯಲಿಂಗಿ. ಗಂಡಿನ ಹಂಗಿಲ್ಲದೆ ಮೊಟ್ಟೆ ಇಡುತ್ತದೆ. ಹಾಗಾಗಿ ಒಂದೇ ಒಂದು ಮರಿ ಒಳಗೆ ಹೋದರೂ ಸಂಸಾರ ಶುರುವಾಗುತ್ತದೆ. ಅದರ ಮುಂದಿನ ಪೀಳಿಗೆಯಲ್ಲಿ ಗಂಡು, ಹೆಣ್ಣು ಬೇರೆ ಬೇರೆ ಬರುತ್ತವೆ. ಸ್ಟೈನರ್ನೆಮಾದಲ್ಲಿ ಮೊದಲಿನಿಂದಲೇ ಗಂಡು ಹೆಣ್ಣು ಬೇರೆ. ಆದರೆ ಇಂಡೋನೇಷ್ಯಾದಿಂದ 2004ರಲ್ಲಿ ವಿವರಿಸಿದ ಒಂದು ಪ್ರಭೇದದಲ್ಲಿ ಉಭಯಲಿಂಗಿಗಳಿವೆ, ಅದರ ಹೆಸರೇ ಸ್ಟೈನರ್ನೆಮಾ ಹರ್ಮಾಫ್ರೊಡಿಟಮ್. ಎರಡೂ ಕುಲಗಳಲ್ಲಿ ಕೊನೆಗೊಂದು ಹಂತದಲ್ಲಿ ತಾಯಿ ಮೊಟ್ಟೆ ಹೊರಗೆ ಹಾಕುವುದನ್ನೇ ನಿಲ್ಲಿಸುತ್ತದೆ. ಮರಿಗಳು ತಾಯಿಯ ಹೊಟ್ಟೆಯಲ್ಲೇ ಒಡೆದು, ತಾಯಿಯನ್ನೇ ತಿಂದು ಹೊರಬರುತ್ತವೆ. ಒಂದು ದಪ್ಪ ಕೀಟದಿಂದ ಹೀಗೆ ಲಕ್ಷಕ್ಕೂ ಮೀರಿ ಮರಿಗಳು ಮಣ್ಣಿಗೆ ಇಳಿಯಬಹುದು.

ಈಗ ಕಡಲತಡಿಗೆ ಬರೋಣ. ಹುಲಿಕಲ್ ಘಾಟಿ ಇಳಿದು, ಕುಂದಾಪುರ ದಾಟಿ, ಮರವಂತೆಯ ಹತ್ತಿರ ಗಾಳಿಮರದ ತೋಪಿನ ಮಣ್ಣನ್ನು ಒಬ್ಬ ಸಂಶೋಧಕಿ ತೆಗೆದರು ಅಂತ ಇಟ್ಟುಕೊಳ್ಳಿ. ಇದು ಬರೀ ಕಲ್ಪನೆ, ವಿವರಿಸುವ ಅನುಕೂಲಕ್ಕೆ. ಕಡಲತಡಿ ಯಾಕೆ? ಈ ಮರಿಗಳು ಮಣ್ಣಿನ ಕಣಗಳ ನಡುವೆ ಇರುವ ತೆಳು ನೀರಿನ ಪದರದಲ್ಲಿ ನುಸುಳಿಕೊಂಡು ಹೋಗುತ್ತವೆ. ಮರಳಲ್ಲಿ ಕಣಗಳ ನಡುವಿನ ಸಂದು ದೊಡ್ಡದು, ಗಾಳಿಯೂ ಆಡುತ್ತದೆ. ಜಿಗುಟು ಮಣ್ಣಲ್ಲಿ ಸಂದು ಕಿರಿದು, ಮಳೆಗಾಲದಲ್ಲಿ ಅದೂ ನೀರಿನಿಂದ ತುಂಬಿ ಉಸಿರು ಕಟ್ಟುತ್ತದೆ. ಹೆಟೆರೊರಾಬ್ಡೈಟಿಸ್ ಕುಲ ಬೆಚ್ಚಗಿನ ಕರಾವಳಿಯ ಮರಳಲ್ಲಿ ಸಿಗುವುದು ಹಲವು ದೇಶಗಳಲ್ಲಿ ಕಂಡುಬಂದಿದೆ.

ಮೇಲ್ಮಣ್ಣು ಸರಿಸಿ ಒಂದು ಗೇಣಿನೊಳಗಿನ ಆಳದಿಂದ ಹಲವು ಕಡೆ ಮಣ್ಣು ತೆಗೆದು, ಬೆರೆಸಿ, ಚೀಲಕ್ಕೆ ಹಾಕುತ್ತಾರೆ. ಬಿಸಿಲು ತಾಗಬಾರದು, ಒಣಗಬಾರದು. ಚೀಲದ ಮೇಲೆ ಜಾಗದ ಅಕ್ಷಾಂಶ ರೇಖಾಂಶ, ದಿನಾಂಕ, ಸುತ್ತಲಿನ ಗಿಡಮರ ಬರೆಯಬೇಕು. ಈ ಚೀಟಿ ಕಳೆದರೆ ಮುಂದಿನ ಎಲ್ಲ ಕೆಲಸಕ್ಕೂ ಬೆಲೆ ಇಲ್ಲ. ಹೊಸ ಪ್ರಭೇದ ಎಲ್ಲಿ ಸಿಕ್ಕಿತು ಅನ್ನುವುದು ಅದರ ವಿವರಣೆಯ ಒಂದು ಭಾಗ.

ಮಣ್ಣಿನಿಂದ ಹುಳುವನ್ನು ಹೊರಗೆ ಕರೆಯುವುದಕ್ಕೆ ಒಂದು ಬಲಿ ಬೇಕು. ಅದಕ್ಕೆ ಬಳಸುವುದು ಮೇಣದ ಪತಂಗದ ಮರಿ. ನಮ್ಮ ಕಡೆ ಜೇನು ಸಾಕುವವರಿಗೆಲ್ಲ ಗೊತ್ತಿರುವ ಪೀಡೆ ಇದು. ಕುಟುಂಬ ದುರ್ಬಲವಾದ ತುಡುವೆ ಪೆಟ್ಟಿಗೆಯಲ್ಲಿ ಎರಿಗಳನ್ನು ತಿಂದು, ಬಲೆ ನೇಯ್ದು, ಹೊಲಸು ಮಾಡಿ ಹಾಕುವ ಅದೇ ಮೇಣದ ಹುಳು. ಜೇನಿನ ಪೆಟ್ಟಿಗೆಯಲ್ಲಿ ಶತ್ರು, ಈ ಕೆಲಸಕ್ಕೆ ಮಾತ್ರ ಬಹಳ ಬೇಕಾದದ್ದು. ಯಾಕೆಂದರೆ ಅದಕ್ಕೆ ಜಂತುಹುಳು ಬೇಗ ಅಂಟುತ್ತದೆ. ಡಬ್ಬಿಯಲ್ಲಿ ಒದ್ದೆ ಮಣ್ಣು ತುಂಬಿ, ಬಲಿತ ಮರಿಗಳನ್ನು ಹತ್ತರೊಳಗೆ ಬಿಟ್ಟು, ಮುಚ್ಚಿ, ಕತ್ತಲಲ್ಲಿ ಇಡುತ್ತಾರೆ. 1975ರಲ್ಲಿ ಬೆಡ್ಡಿಂಗ್ ಮತ್ತು ಅಕರ್ಸ್ಟ್ ಈ ವಿಧಾನವನ್ನು ಪ್ರಕಟಿಸಿದರು. ಇವತ್ತಿಗೂ ಎಲ್ಲರೂ ಮಾಡುವುದು ಇದನ್ನೇ.

ಕೆಲವು ದಿನಗಳಲ್ಲಿ ಸತ್ತ ಮೇಣದ ಹುಳುಗಳನ್ನು ಆರಿಸಿ ತೊಳೆದು, ಒದ್ದೆ ಕಾಗದದ ಮೇಲೆ ಇಡುತ್ತಾರೆ. ಆ ಕಾಗದದ ಅಂಚು ಸುತ್ತಲಿನ ನೀರಿಗೆ ತಾಗಿರುತ್ತದೆ. ಹೆಣದಿಂದ ಹೊರಬಂದ ಜಂತುಹುಳುವಿನ ಮರಿಗಳು ಒದ್ದೆಯ ಜಾಡು ಹಿಡಿದು ನೀರಿಗೆ ಇಳಿಯುತ್ತವೆ. 1927ರಿಂದ ಬಳಕೆಯಲ್ಲಿರುವ ಈ ಉಪಾಯಕ್ಕೆ ವೈಟ್ ಎನ್ನುವವರ ಹೆಸರಿದೆ. ಸಿಕ್ಕ ಮರಿಗಳನ್ನು ಹೊಸ ಮೇಣದ ಹುಳುಗಳಿಗೆ ಮತ್ತೆ ಹಾಕಿ, ಅವೂ ಸತ್ತು ಅದೇ ಹುಳು ಮತ್ತೆ ಹೊರಬರುತ್ತದೆಯೇ ಅಂತ ನೋಡಬೇಕು. ಮಣ್ಣಲ್ಲಿ ಕೊಳೆತದ್ದನ್ನು ತಿನ್ನುವ ಜಂತುಹುಳುಗಳೂ ಬೇಕಾದಷ್ಟಿವೆ, ಅವು ಸತ್ತ ಹುಳುವಿನ ಮೇಲೆ ಸುಮ್ನೆ ಬಂದು ಸೇರಿಕೊಂಡಿರಬಹುದು. ಕೊಂದದ್ದು ಇದೇ ಅಂತ ಖಾತ್ರಿಯಾಗುವುದು ಈ ಎರಡನೇ ಸುತ್ತಿನಲ್ಲಿ.

ಇನ್ನು ಅಳತೆ. ಹುಳುವನ್ನು ಬಿಸಿ ದ್ರಾವಣದಲ್ಲಿ ಕೊಂದರೆ ಮೈ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಫಾರ್ಮಲಿನ್ ಇರುವ ದ್ರಾವಣದಲ್ಲಿ ಕೆಡದಂತೆ ಮಾಡಿ, ನಿಧಾನವಾಗಿ ಗ್ಲಿಸರಿನ್‌ಗೆ ತಂದು, ಗಾಜಿನ ಸ್ಲೈಡಿನಲ್ಲಿ ಕೂರಿಸುತ್ತಾರೆ. ಆತುರ ಮಾಡಿದರೆ ಮೈ ಮುದುಡಿ ಅಳತೆಯೆಲ್ಲ ತಪ್ಪಾಗುತ್ತದೆ. ಸರಿಯಾಗಿ ಮಾಡಿದ ಸ್ಲೈಡ್ ದಶಕಗಳವರೆಗೆ ಹಾಗೇ ಇರುತ್ತದೆ. ಪ್ರತಿ ಹಂತದಲ್ಲೂ ಸಾಮಾನ್ಯವಾಗಿ ಇಪ್ಪತ್ತು ಹುಳುಗಳನ್ನಾದರೂ ಅಳೆಯಬೇಕು: ಉಭಯಲಿಂಗಿ, ಹೆಣ್ಣು, ಗಂಡು, ಮಣ್ಣಲ್ಲಿ ಓಡಾಡುವ ಮರಿ.

ಉದ್ದ ಅಳೆದರೆ ಸಾಲದೇ ಅಂತ ಕೇಳಬಹುದು. ಸಾಲದು. ಹೆಟೆರೊರಾಬ್ಡೈಟಿಸ್ ಇಂಡಿಕಾ ಎಂಬ ಪ್ರಭೇದದ ಮರಿ ಸರಾಸರಿ 528 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್), ಕಡಿಮೆ ಅಂದರೆ 479, ಜಾಸ್ತಿ ಅಂದರೆ 573. ಅದರ ನೆಂಟ ಹೆಟೆರೊರಾಬ್ಡೈಟಿಸ್ ಬ್ಯಾಕ್ಟೀರಿಯೋಫೋರಾ ಸರಾಸರಿ 588, ಆದರೆ 512ರಿಂದ 671ರವರೆಗೂ ಇರುತ್ತದೆ. ನಿಮ್ಮ ಕೈಯಲ್ಲಿರುವ ಮರಿ 550 ಮೈಕ್ರಾನ್ ಇದ್ದರೆ ಅದು ಯಾವುದು? ಎರಡೂ ಆಗಬಹುದು. ಸಾಲದ್ದಕ್ಕೆ, ಒಂದೇ ಹೆಣದಿಂದ ಮೊದಲು ಹೊರಬಂದ ಮರಿಗಳು ಉದ್ದ, ಕೊನೆಗೆ ಬಂದವು ಗಿಡ್ಡ. ಹೊಟ್ಟೆಗೆ ಸಿಕ್ಕ ಕೀಟ ಚಿಕ್ಕದಾದರೂ ಮರಿ ಚಿಕ್ಕದಾಗುತ್ತದೆ.

ಅದಕ್ಕೇ ಉದ್ದದ ಜೊತೆ ಅನುಪಾತಗಳನ್ನು ನೋಡುತ್ತಾರೆ. ಈ ಲೆಕ್ಕಾಚಾರಕ್ಕೆ ಬುನಾದಿ ಹಾಕಿದವರು 19ನೇ ಶತಮಾನದ ಡಚ್ ವಿಜ್ಞಾನಿ ಡೆ ಮಾನ್. ಮೈಯ ಉದ್ದವನ್ನು ಅಗಲದಿಂದ ಭಾಗಿಸಿದರೆ ಒಂದು ಸಂಖ್ಯೆ, ಗಂಟಲ ಕೊಳವೆಯಿಂದ ಭಾಗಿಸಿದರೆ ಇನ್ನೊಂದು, ಬಾಲದಿಂದ ಭಾಗಿಸಿದರೆ ಮತ್ತೊಂದು. ಕೀಟ ಕೊಲ್ಲುವ ಹುಳುಗಳಲ್ಲಿ ಇನ್ನೂ ಕೆಲಸಕ್ಕೆ ಬರುವುದು ವಿಸರ್ಜನಾ ರಂಧ್ರದ ಜಾಗ. ತಲೆಯ ತುದಿಯಿಂದ ಆ ರಂಧ್ರಕ್ಕೆ ಎಷ್ಟು ದೂರ ಅಂತ ಅಳೆದು, ಅದು ಬಾಲದ ಉದ್ದದ ಶೇಕಡ ಎಷ್ಟು ಅಂತ ನೋಡುತ್ತಾರೆ. ಇಂಡಿಕಾದಲ್ಲಿ ಇದು ಸರಾಸರಿ 94. ಬ್ಯಾಕ್ಟೀರಿಯೋಫೋರಾದಲ್ಲಿ 112. ಉದ್ದದಲ್ಲಿ ಒಂದರ ಮೇಲೊಂದು ಬಿದ್ದಿದ್ದ ಎರಡು ಹುಳುಗಳು ಇಲ್ಲಿ ದೂರ ಸರಿದು ನಿಲ್ಲುತ್ತವೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಕಣ್ಣಿಗೆ ಕಾಣದ ಎರಡು ದೂರಗಳನ್ನು ತಾಳ್ಮೆಯಿಂದ ಅಳೆದು ಭಾಗಿಸಿದರೆ, ಬರೀ ನೋಟಕ್ಕೆ ಸಿಗದ ವ್ಯತ್ಯಾಸ ಲೆಕ್ಕದಲ್ಲಿ ಸಿಗುತ್ತದೆ.

ಗಂಡಿನಲ್ಲಿ ನೋಡುವುದು ಕೂಡುವಾಗ ಬಳಸುವ ಅಂಗವನ್ನು. ಬಾಗಿದ ಎರಡು ಸಣ್ಣ ಕಡ್ಡಿಗಳು, ಅವಕ್ಕೆ ದಾರಿ ತೋರುವ ಇನ್ನೊಂದು ಗಟ್ಟಿ ತುಣುಕು. ಇವುಗಳ ಉದ್ದ, ಆಕಾರ, ಬಾಗು ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗುತ್ತದೆ. ಹೆಟೆರೊರಾಬ್ಡೈಟಿಸ್ ಗಂಡಿನ ಬಾಲದ ಎರಡೂ ಕಡೆ ತೆಳು ಪೊರೆಯೊಂದು ಅಗಲವಾಗಿ ಚಾಚಿರುತ್ತದೆ, ಅದರಲ್ಲಿ ಸಾಮಾನ್ಯವಾಗಿ ಒಂಬತ್ತು ಜೋಡಿ ಸಣ್ಣ ಉಬ್ಬುಗಳು. ಅವು ಯಾವ ಯಾವ ಗುಂಪಾಗಿ ನಿಂತಿವೆ ಎಂಬುದನ್ನೂ ಬರೆಯಬೇಕು. ಮರಿಯ ಪಕ್ಕೆಯ ಮೇಲೆ ಓಡುವ ಗೆರೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ.

ಇಷ್ಟೆಲ್ಲ ಆದ ಮೇಲೂ ಅನುಮಾನ ಉಳಿಯುತ್ತದೆ. ಈ ಕುಲಗಳಲ್ಲಿ ಮೈಯ ರೂಪ ಬಹಳ ಬದಲಾಗಿಲ್ಲ. ನೋಡಲು ಒಂದೇ ಥರ ಇರುವ ಹುಳುಗಳು ಒಳಗೆ ಪೂರ್ತಿ ಬೇರೆ ಇರಬಹುದು. ಆಗ ಡಿಎನ್‌ಎ ಕೇಳಬೇಕು.

ಹುಳುವಿನ ಪೂರ್ತಿ ಡಿಎನ್‌ಎ ಓದುವ ಅಗತ್ಯ ಇಲ್ಲ. ಕೆಲವು ಗೊತ್ತಾದ ತುಣುಕುಗಳು ಸಾಕು. ರೈಬೋಸೋಮಿನ ಎರಡು ವಂಶವಾಹಿಗಳ ನಡುವೆ ಇರುವ ಐಟಿಎಸ್ ಎನ್ನುವ ಭಾಗ ಅದರಲ್ಲಿ ಮುಖ್ಯ. ವಂಶವಾಹಿಯ ಒಳಗೆ ಒಂದು ಅಕ್ಷರ ತಪ್ಪಿದರೂ ಜೀವಕ್ಕೆ ಕುತ್ತು ಬರಬಹುದು, ಹಾಗಾಗಿ ಅಲ್ಲಿ ಬದಲಾವಣೆ ನಿಧಾನ. ನಡುವಿನ ಜಾಗದಲ್ಲಿ ತಪ್ಪುಗಳು ಉಳಿದುಕೊಳ್ಳುತ್ತವೆ, ಪೀಳಿಗೆಯಿಂದ ಪೀಳಿಗೆಗೆ ಸೇರುತ್ತಾ ಹೋಗುತ್ತವೆ. ಹತ್ತಿರದ ಎರಡು ಪ್ರಭೇದಗಳನ್ನು ಬೇರೆ ಮಾಡಲು ಆ ಭಾಗವೇ ಬೇಕು. ಅದರ ಜೊತೆಗೆ 28ಎಸ್ ವಂಶವಾಹಿಯ ಒಂದು ತುಂಡು, ಮೈಟೊಕಾಂಡ್ರಿಯಾದ ಇನ್ನೊಂದು ತುಂಡು ಓದುತ್ತಾರೆ. ಒಂದೇ ತುಣುಕನ್ನು ನಂಬಿ ತೀರ್ಪು ಕೊಟ್ಟರೆ ಎಡವುವ ಸಾಧ್ಯತೆ ಇದೆ, ಬೇರೆ ಬೇರೆ ತುಣುಕುಗಳು ಒಂದೇ ಮಾತು ಹೇಳಿದರೆ ಧೈರ್ಯ.

ಓದಿದ ಅಕ್ಷರಮಾಲೆಯನ್ನು ಜಗತ್ತಿನ ಎಲ್ಲರೂ ಬಳಸುವ ಜೆನ್‌ಬ್ಯಾಂಕ್ ಎಂಬ ಕಣಜದಲ್ಲಿ ಹಾಕಿ ಹೋಲಿಸುತ್ತಾರೆ. ಇಲ್ಲೊಂದು ಎಚ್ಚರ ಬೇಕು. ಆ ಕಣಜಕ್ಕೆ ಯಾರು ಬೇಕಾದರೂ ಮಾಹಿತಿ ಸೇರಿಸಬಹುದು, ಮೇಲೆ ಬರೆದ ಹೆಸರು ತಪ್ಪಿರಲೂಬಹುದು. ಹೋಲಿಸಬೇಕಾದ್ದು ಆ ಪ್ರಭೇದ ಮೊದಲು ಸಿಕ್ಕ ಜಾಗದ ಹುಳುವಿನ ಡಿಎನ್‌ಎ ಜೊತೆ. ಆಮೇಲೆ ವಂಶವೃಕ್ಷ ಬರೆಯುತ್ತಾರೆ. ದೂರದ ನೆಂಟನಾಗಿ ಹೆಚ್ಚಿನವರು ಇಟ್ಟುಕೊಳ್ಳುವುದು ಪ್ರಯೋಗಾಲಯಗಳ ಹಳೆಯ ಪರಿಚಯ ಸೀನೊರಾಬ್ಡೈಟಿಸ್ ಎಲೆಗನ್ಸ್ ಎಂಬ ಹುಳುವನ್ನು. ನಮ್ಮ ಮರವಂತೆಯ ಹುಳು ಆ ಮರದಲ್ಲಿ ತನ್ನದೇ ಕೊಂಬೆ ಕಟ್ಟಿಕೊಂಡು ನಿಂತರೆ ಹೊಸದು ಅನ್ನುವ ಮಾತಿಗೆ ಬಲ ಬರುತ್ತದೆ. ಇಷ್ಟು ಅಕ್ಷರ ಬದಲಾದರೆ ಹೊಸ ಪ್ರಭೇದ ಅಂತ ಎಲ್ಲರೂ ಒಪ್ಪಿದ ಒಂದು ಗಡಿ ಸಂಖ್ಯೆ ಮಾತ್ರ ಇಲ್ಲ.

ಮೂರನೇ ಸಾಕ್ಷಿ ಮದುವೆ. ಎರಡು ಜಾಗದ ಹುಳುಗಳು ಕೂಡಿ, ಅವುಗಳ ಮರಿಗಳೂ ಮರಿ ಹಾಕುವಂತಾದರೆ ಎರಡೂ ಒಂದೇ ಪ್ರಭೇದ ಅನ್ನುವುದು ಹಳೆಯ, ಇವತ್ತಿಗೂ ಗಟ್ಟಿಯಾದ ಅಳತೆಗೋಲು. ಹೆಟೆರೊರಾಬ್ಡೈಟಿಸ್‌ನಲ್ಲಿ ಇದು ಕಷ್ಟದ ಕೆಲಸ. ಮೊದಲ ಪೀಳಿಗೆ ಉಭಯಲಿಂಗಿ ಅಂತ ಆಗಲೇ ಹೇಳಿದೆನಲ್ಲ. ಅದು ಒಂಟಿಯಾಗಿಯೇ ಮರಿ ಹಾಕುತ್ತದೆ, ಆಗ ಆ ಮರಿ ಕೂಡುವಿಕೆಯಿಂದ ಬಂದದ್ದೋ ಅಲ್ಲವೋ ಹೇಳಲಾಗದು. ಹಾಗಾಗಿ ಎರಡನೇ ಪೀಳಿಗೆಯ, ಇನ್ನೂ ಗಂಡನ್ನು ಸೇರದ ಹೆಣ್ಣುಗಳನ್ನು ಒಂದೊಂದಾಗಿ ಆರಿಸಿ, ಇನ್ನೊಂದು ಊರಿನ ಗಂಡಿನ ಜೊತೆ ಬಿಡಬೇಕು. ಪಕ್ಕದಲ್ಲಿ ಅದೇ ಊರಿನ ಗಂಡು ಹೆಣ್ಣನ್ನೂ ಬಿಟ್ಟಿರಬೇಕು. ಸ್ವಂತ ಊರಿನ ಜೋಡಿಯೂ ಮರಿ ಹಾಕದಿದ್ದರೆ ಪ್ರಯೋಗವೇ ಕೆಟ್ಟಿದೆ ಅಂತ ಅರ್ಥ.

ಈ ಮೂರು ಸಾಕ್ಷಿ ಯಾಕೆ ಬೇಕು ಅನ್ನುವುದಕ್ಕೆ ಇಂಡಿಕಾದ ಕಥೆಯೇ ಸಾಕು. 1992ರಲ್ಲಿ ಪೊಯ್ನಾರ್, ಕರುಣಾಕರ್ ಮತ್ತು ಡೇವಿಡ್ ಕೊಯಮತ್ತೂರಿನಿಂದ ಒಂದು ಹೊಸ ಹುಳುವನ್ನು ವಿವರಿಸಿದರು. ಅದು ಸಿಕ್ಕಿದ್ದು ಕಬ್ಬಿನ ತುದಿ ಕೊರೆಯುವ ಹುಳುವಿನಲ್ಲಿ. ಅದೇ ನಮ್ಮ ಹೆಟೆರೊರಾಬ್ಡೈಟಿಸ್ ಇಂಡಿಕಾ. ಎರಡು ವರ್ಷದ ನಂತರ, 1994ರಲ್ಲಿ, ಹವಾಯಿ ದ್ವೀಪಗಳಿಂದ ಇನ್ನೊಂದು ಹೊಸ ಪ್ರಭೇದದ ವಿವರಣೆ ಬಂತು. ಅಲ್ಲಿ ಈ ಕುಲದ ಹುಳುಗಳು ಹೆಚ್ಚಾಗಿ ಸಿಕ್ಕಿದ್ದು ಕಡಲತಡಿಯ ಮರಳಲ್ಲೇ. ಹೆಸರು ಹೆಟೆರೊರಾಬ್ಡೈಟಿಸ್ ಹವಾಯಿಯೆನ್ಸಿಸ್. ಮುಂದೆ ಎರಡನ್ನೂ ಹೋಲಿಸಿದಾಗ ಅವು ಒಂದೇ ಅಂತ ತಿಳಿಯಿತು. ನಿಯಮದ ಪ್ರಕಾರ ಮೊದಲು ಪ್ರಕಟವಾದ ಹೆಸರು ಉಳಿಯುತ್ತದೆ. ಕೊಯಮತ್ತೂರಿನದು ಉಳಿಯಿತು, ಹವಾಯಿಯದು ಅದರ ಇನ್ನೊಂದು ಹೆಸರಾಗಿ ದಾಖಲೆಯಲ್ಲಿ ಸೇರಿತು.

ಹವಾಯಿಯವರು ಕೆಲಸ ಕಳಪೆ ಮಾಡಿದರು ಅಂತ ಇದರ ಅರ್ಥವಲ್ಲ. ಆ ಕಾಲದಲ್ಲಿ ಡಿಎನ್‌ಎ ಹೋಲಿಕೆ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಆದರೆ ಇದರಿಂದ ಸಿಕ್ಕ ಲಾಭ ನೋಡಿ: ಹವಾಯಿಯಲ್ಲಿ ಆ ಹುಳುವಿನ ಬಗ್ಗೆ ಕಲಿತದ್ದೆಲ್ಲ ಈಗ ಇಂಡಿಕಾದ ಖಾತೆಗೆ ಸೇರುತ್ತದೆ, ನಮಗೂ ಉಪಯೋಗಕ್ಕೆ ಬರುತ್ತದೆ. ಎರಡು ಹೆಸರಲ್ಲಿ ಹಂಚಿಹೋಗಿದ್ದರೆ ಆ ತಿಳಿವಳಿಕೆ ಒಂದೆಡೆ ಕೂಡುತ್ತಲೇ ಇರಲಿಲ್ಲ. ಹೊಸ ಹೆಸರು ಕೊಡುವ ಆಸೆ ಸಂಶೋಧಕರಿಗೆ ಇರುತ್ತದೆ, ಅದು ತಪ್ಪಲ್ಲ. ಆದರೆ 'ಇದು ಹಳೆಯದೇ, ಹೊಸ ಜಾಗದಲ್ಲಿ ಸಿಕ್ಕಿದೆ' ಅಂತ ಬರೆದ ಒಂದು ಲೇಖನಕ್ಕೂ ಅಷ್ಟೇ ಬೆಲೆ ಇದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಮೂರೂ ಸಾಕ್ಷಿಗಳು ಹೊಸದು ಅಂದವು ಅಂತಿಟ್ಟುಕೊಳ್ಳಿ. ಆಗ ವಿವರಣೆ ಬರೆದು ಪ್ರಕಟಿಸಬೇಕು. ಪ್ರಾಣಿಗಳ ಹೆಸರಿಗೆ ಜಗತ್ತಿಗೆಲ್ಲ ಒಂದೇ ನಿಯಮಾವಳಿ ಇದೆ. ಅದರಲ್ಲಿ ಮುಖ್ಯವಾದದ್ದು, ಒಂದು ಹುಳುವನ್ನು ಆರಿಸಿ ಆ ಪ್ರಭೇದದ ಮೂಲ ಮಾದರಿ ಅಂತ ಘೋಷಿಸುವುದು. ತೋಟದ ಗಡಿಯಲ್ಲಿ ನೆಟ್ಟ ಸರ್ವೆ ಕಲ್ಲಿನ ಹಾಗೆ ಅದು. ಮುಂದೆ ಯಾವ ತಕರಾರು ಬಂದರೂ ಅಳತೆ ಅಲ್ಲಿಂದಲೇ ಶುರುವಾಗಬೇಕು. ಹಾಗಾಗಿ ಅದು ಯಾರದೋ ಮನೆಯ ಕಪಾಟಿನಲ್ಲಿ ಇರುವಂತಿಲ್ಲ, ಬೇರೆಯವರೂ ಬಂದು ನೋಡಬಹುದಾದ ಸಂಗ್ರಹಾಲಯದಲ್ಲಿ ಇರಬೇಕು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಜಂತುಹುಳುಗಳದ್ದೇ ಒಂದು ರಾಷ್ಟ್ರೀಯ ಸಂಗ್ರಹ ಇದೆ. ನಮ್ಮ ದೇಶದ 2002ರ ಜೀವವೈವಿಧ್ಯ ಕಾಯ್ದೆಯೂ ಇದನ್ನೇ ಹೇಳುತ್ತದೆ. ಹೊಸ ಜೀವಿಯನ್ನು ಕಂಡುಹಿಡಿದವರು ಗೊತ್ತುಪಡಿಸಿದ ಸಂಸ್ಥೆಗೆ ತಿಳಿಸಿ, ಮಾದರಿಯನ್ನು ಅಲ್ಲಿ ಇಡಬೇಕು.

ಹೆಸರು ಎರಡು ಪದದ್ದು, 18ನೇ ಶತಮಾನದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್‌ನ ಕಾಲದಿಂದ ಬಂದ ಪದ್ಧತಿ. ಊರಿನ ಹೆಸರಿಡಬಹುದು, ಹಿರಿಯ ವಿಜ್ಞಾನಿಯ ಹೆಸರಿಡಬಹುದು, ಮೈಯ ಒಂದು ಗುಣದ ಹೆಸರಿಡಬಹುದು. ಆನ್‌ಲೈನ್ ಪತ್ರಿಕೆಯಲ್ಲಿ ಮಾತ್ರ ಪ್ರಕಟಿಸುವುದಾದರೆ ಜೂಬ್ಯಾಂಕ್ ಎಂಬ ನೋಂದಣಿಯಲ್ಲಿ ಸೇರಿಸಲೇಬೇಕು, 2012ರಿಂದ ಈ ನಿಯಮ ಬಂದಿದೆ.

ಕೆಲಸ ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಬ್ಯಾಕ್ಟೀರಿಯಾ ಉಳಿದೇ ಇದೆ. ಅದೂ ಒಂದು ಜೀವಿ, ಅದಕ್ಕೂ ಬೇರೆ ಹೆಸರು, ಬೇರೆ ನಿಯಮಾವಳಿ. ಹುಳುವಿನದು ಸತ್ತ ಮಾದರಿಯಾದರೆ ಸಾಕು. ಬ್ಯಾಕ್ಟೀರಿಯಾದ್ದು ಹಾಗಲ್ಲ, ಜೀವಂತ ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಗಳಲ್ಲಿ ಇಡಬೇಕು. ಇಂಡಿಕಾದ ಜೊತೆಗಾರನನ್ನು ಮೊದಲು ಫೋಟೊರಾಬ್ಡಸ್ ಲ್ಯೂಮಿನೆಸೆನ್ಸ್‌ನ ಒಂದು ಉಪಪ್ರಭೇದ ಅನ್ನುತ್ತಿದ್ದರು. 2018ರಲ್ಲಿ ಪೂರ್ತಿ ಜೀನೋಮ್ ಓದಿ ಹೋಲಿಸಿದ ಮೇಲೆ ಅದು ಫೋಟೊರಾಬ್ಡಸ್ ಅಕರ್ಸ್ಟೀ ಎಂಬ ಸ್ವತಂತ್ರ ಪ್ರಭೇದವಾಯಿತು.

ಬ್ಯಾಕ್ಟೀರಿಯಾವನ್ನು ಸರಿಯಾಗಿ ಗುರುತಿಸುವುದಕ್ಕೆ ಇನ್ನೊಂದು ಕಾರಣ ಇದೆ. ಕೃಷಿಗೆ ಬಳಸುವ ಇಪಿಎನ್‌ಗಳು ಜನ ಜಾನುವಾರಿಗೆ ತೊಂದರೆ ಕೊಡುವುದಿಲ್ಲ. ಬಿಸಿ ರಕ್ತದ ಪ್ರಾಣಿಗಳ ಮೈಯಲ್ಲಿ ಅವು ಬೆಳೆಯಲಾರವು. ಅಮೆರಿಕದಲ್ಲಿ ಇವುಗಳಿಗೆ ಕೀಟನಾಶಕದ ನೋಂದಣಿಯಿಂದ ವಿನಾಯಿತಿಯೇ ಇದೆ. ಆದರೆ ಫೋಟೊರಾಬ್ಡಸ್ ಕುಲದಲ್ಲೇ ಅಸಿಂಬಯೋಟಿಕಾ ಎಂಬ ಒಂದು ಪ್ರಭೇದ ಅಮೆರಿಕ ಮತ್ತು ಆಸ್ಟ್ರೇಲಿಯಾದಲ್ಲಿ ಬಹಳ ಅಪರೂಪವಾಗಿ ಮನುಷ್ಯರ ಗಾಯಗಳಲ್ಲಿ ಸಿಕ್ಕಿದೆ. ಆಸ್ಟ್ರೇಲಿಯಾದ ಕರಾವಳಿ ಊರು ಕಿಂಗ್ಸ್‌ಕ್ಲಿಫ್‌ನಲ್ಲಿ ಅದನ್ನು ಹೊತ್ತ ಹೆಟೆರೊರಾಬ್ಡೈಟಿಸ್ ಹುಳು ಮಣ್ಣಲ್ಲೇ ಸಿಕ್ಕಿತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಎಲ್ಲಿಂದಲೋ ತಂದ ಹೊಸ ಹುಳುವನ್ನು 'ಇದೂ ಅದೇ ಇರಬೇಕು' ಅಂತ ಬೆಳೆಸಿ ತೋಟಕ್ಕೆ ಚೆಲ್ಲುವ ಮೊದಲು ಅದರ ಹೊಟ್ಟೆಯಲ್ಲಿರುವುದು ಯಾವುದು ಅಂತ ತಿಳಿಯಲೇಬೇಕು, ಅಲ್ವಾ?

ಈಗ ಘಾಟಿ ಹತ್ತಿ ನಮ್ಮ ತೋಟಕ್ಕೆ ಬರೋಣ. ಮುಂಗಾರಿನ ಮೊದಲ ಮಳೆಗಳಿಗೆ ಮುಸ್ಸಂಜೆ ಹೊತ್ತು ಮಣ್ಣಿನಿಂದ ದುಂಬಿಗಳು ಎದ್ದು ಬರುತ್ತವೆ. ಅವು ಇಟ್ಟ ಮೊಟ್ಟೆಯಿಂದ ಬಂದ ಗೊಣ್ಣೆ ಹುಳು ಅಡಿಕೆಯ ಬೇರು ತಿನ್ನುತ್ತದೆ. ಗರಿ ಹಳದಿಯಾಗುತ್ತದೆ, ಕಾಂಡದ ತುದಿ ಸಪೂರವಾಗುತ್ತದೆ, ಜಾಸ್ತಿ ಆದರೆ ಮರ ಕೈಯಲ್ಲಿ ದೂಡಿದರೆ ಅಲ್ಲಾಡುತ್ತದೆ. ಜಂತುಹುಳು ಮತ್ತು ಗೊಣ್ಣೆ ಹುಳುವಿನ ಸಂಬಂಧ ಹೊಸದೇನಲ್ಲ. 1929ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗ್ಲೇಸರ್ ಎಂಬ ವಿಜ್ಞಾನಿಗೆ ಇಂಥದೇ ದುಂಬಿಯ ಮರಿಯೊಳಗೆ ಸ್ಟೈನರ್ನೆಮಾ ಗ್ಲೇಸರೈ ಸಿಕ್ಕಿತ್ತು. ಅದರ ಮರಿ ಸರಾಸರಿ 1130 ಮೈಕ್ರಾನ್, ಇಂಡಿಕಾದ ಎರಡರಷ್ಟು ಉದ್ದ. ನಮ್ಮಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರ ಇಂಡಿಕಾವನ್ನು ನೀರಲ್ಲಿ ಕಲಸಿ ಹಾಕುವ ಪುಡಿಯಾಗಿ ಮಾಡಿ, ಅದರ ತಂತ್ರಜ್ಞಾನವನ್ನು ಕಂಪನಿಗಳಿಗೆ ಕೊಟ್ಟಿದೆ.

ಪ್ಯಾಕೆಟ್ ತಂದವರು ಗಮನಿಸಬೇಕಾದ್ದು ಹುಳುವಿನ ಬದುಕಿನಿಂದಲೇ ಗೊತ್ತಾಗುತ್ತದೆ. ಒಳಗಿರುವುದು ಜೀವಂತ ಮರಿ, ಅದರ ಬುತ್ತಿ ದಿನದಿಂದ ದಿನಕ್ಕೆ ಕರಗುತ್ತಿರುತ್ತದೆ. ತಯಾರಾದ ದಿನಾಂಕ ನೋಡದೆ ಕೊಳ್ಳಬೇಡಿ. ಕಾರಿನ ಡಿಕ್ಕಿಯ ಬಿಸಿಯಲ್ಲಿ ಇಟ್ಟರೆ ಸಾಯುತ್ತವೆ. ಇಂಡಿಕಾ ಬೆಚ್ಚಗಿನ ನಾಡಿನದು, ಪ್ರಯೋಗಾಲಯದಲ್ಲಿ ಅದನ್ನು 15 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಫ್ರಿಜ್ಜಿನ ಅತಿ ತಂಪಿನಲ್ಲಿ ಬಹಳ ದಿನ ಬದುಕುವುದಿಲ್ಲ. ಬಿಸಿಲು ಆಗದು, ಸಂಜೆ ಹಾಕಿ. ಮಣ್ಣು ಒದ್ದೆ ಇರಬೇಕು, ಆದರೆ ಕಪ್ಪು (ತೋಟದ ಬಸಿಗಾಲುವೆ) ತುಂಬಿ ನೀರು ನಿಂತಿರಬಾರದು. ಬಲಿತ ದಪ್ಪ ಗೊಣ್ಣೆ ಹುಳುವಿಗಿಂತ ಎಳೆಯದು ಬೇಗ ಬಲಿಯಾಗುತ್ತದೆ. ಹಾಗಾಗಿ ದುಂಬಿ ಹಾರಾಟ ನೋಡಿದ ಮೇಲೆ, ಗೊಣ್ಣೆ ಹುಳು ಚಿಕ್ಕದಿರುವಾಗಲೇ ಹಾಕುವುದು ಒಳ್ಳೆಯದು.

ಮರಳಿನಿಂದ ಬಂದ ಹುಳು ನಮ್ಮ ಜಂಬಿಟ್ಟಿಗೆ ಮಣ್ಣಲ್ಲಿ, ನಾಲ್ಕು ತಿಂಗಳ ಜಡಿಮಳೆಯಲ್ಲಿ, ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಹೇಳಲು ಬರುವುದಿಲ್ಲ. ಒಂದೇ ಪ್ರಭೇದದಲ್ಲೂ ಜಾಗಕ್ಕೆ ಒಗ್ಗಿದ ತಳಿಗಳು ಬೇರೆ ಬೇರೆ ಇರುತ್ತವೆ. ನಮ್ಮ ತೋಟದ ಮಣ್ಣಲ್ಲೇ ಗೊಣ್ಣೆ ಹುಳುವನ್ನು ಕೊಲ್ಲುವ ತಳಿ ಸಿಕ್ಕರೆ ಅದು ಇಲ್ಲಿಯ ಮಳೆ, ಮಣ್ಣು, ನೆರಳಿಗೆ ಮೊದಲೇ ಪಳಗಿದ್ದಾಗಿರುತ್ತದೆ. ಅದನ್ನು ಹುಡುಕುವ ಕೆಲಸದಲ್ಲಿ ತೋಟದವರೂ ಸೇರಬಹುದು.

ಬುಡ ಅಗೆಯುವಾಗ ಸತ್ತ ಗೊಣ್ಣೆ ಹುಳು ಸಿಕ್ಕಿ, ಅದು ಕೊಳೆತು ನಾರದೆ, ಕೆಂಪಾಗಿಯೋ ಕಂದಾಗಿಯೋ ಮೆತ್ತಗಾಗಿದ್ದರೆ ಬಿಸಾಡಬೇಡಿ. ಮೈಮೇಲೆ ಹಸಿರು ಇಲ್ಲವೇ ಬಿಳಿ ಬೂಷ್ಟು ಹಿಡಿದಿದ್ದರೆ ಅದು ಶಿಲೀಂಧ್ರದ ಕೆಲಸ, ಅದನ್ನು ಬೇರೆ ಇಡಿ. ಹುಳುವನ್ನು ಸ್ಪಿರಿಟ್‌ಗೆ ಹಾಕಬೇಡಿ, ಫ್ರೀಜರ್‌ನಲ್ಲೂ ಇಡಬೇಡಿ, ಒಳಗಿನ ಮರಿಗಳು ಜೀವಂತ ಬೇಕು. ಗಾಳಿಯಾಡುವ ಡಬ್ಬಿಯಲ್ಲಿ ಅದೇ ಬುಡದ ಒದ್ದೆ ಮಣ್ಣು ಸ್ವಲ್ಪ ಹಾಕಿ, ನೆರಳಲ್ಲಿ ಇಟ್ಟು, ಒಂದೆರಡು ದಿನದಲ್ಲಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೋ ತಲುಪಿಸಿ. ಊರು, ತೋಟ, ಬೆಳೆ, ಸಿಕ್ಕ ಆಳ, ದಿನಾಂಕ ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆದು ಚೀಟಿಯನ್ನು ಡಬ್ಬಿಯ ಒಳಗೇ ಹಾಕಿ. ಪೆನ್ನಿನ ಶಾಯಿ ಒದ್ದೆ ಮಣ್ಣಲ್ಲಿ ಅಳಿಸಿಹೋಗುತ್ತದೆ.